ಮೈಯೊಳಗಿನ ಪಾಠಾಂತರ

2021ರ ಮೇ ತಿಂಗಳಿನಲ್ಲಿ ಕೊರೋನಾ ನಮ್ಮ ಹೊಸ್ತಿಲನ್ನೂ ದಾಟಿತು. ಹೊತ್ತು ತಂದವನು ನಾನೇ. ಬಾಲ್ಯದಿಂದಲೂ ನೆಗಡಿ ಕೆಮ್ಮುಗಳಿಗೆ ತವರಾಗಿದ್ದ ನನ್ನನ್ನು ಅದು ಮೂರು ದಿನ ಜ್ವರದಲ್ಲಿ ಮಲಗಿಸಿ ಬಿಟ್ಟುಕೊಟ್ಟಿತು. ನನಗಿಂತ ಎರಡೇ ವರ್ಷ ಹಿರಿಯನಾದ, ಹೊಳೆಯಲ್ಲಿ ಈಜಿ ಬೆಳೆದ ಗಟ್ಟಿ ಆಳು ನನ್ನಣ್ಣನಾದರೋ ಹದಿನಾರು ದಿನ ಆಮ್ಲಜನಕದ ಆಸರೆಯಲ್ಲಿದ್ದು ಹೇಗೋ ಉಳಿದು ಬಂದನು. ನೋಡಲು ಬಂದವರೆಲ್ಲ ಕಾರಣ ಹುಡುಕಿದರು: ಪಥ್ಯ ತಪ್ಪಿರಬೇಕು, ಔಷಧ ತಡವಾಗಿರಬೇಕು. ಅತ್ತಿಗೆ ಮಾತ್ರ ಏನನ್ನೂ ಅನ್ನಲಿಲ್ಲ. ಆ ಮೌನವೇ ನನಗೆ ಭಾರವಾಯಿತು.

ವಯಸ್ಸು, ಸಕ್ಕರೆ ಕಾಯಿಲೆ ಮೊದಲಾದವು ದೊಡ್ಡ ಕಾರಣಗಳೇ ಸರಿ. ಅವನ್ನೆಲ್ಲ ಕಳೆದ ಮೇಲೂ ಉಳಿಯುವ ಪ್ರಶ್ನೆಗೆ ವಿಜ್ಞಾನಿಗಳು ವಂಶವಾಹಿಗಳಲ್ಲಿ ಉತ್ತರವನ್ನು ಅರಸಿದ್ದಾರೆ. ನಮ್ಮ ಮೂರನೆಯ ವರ್ಣತಂತುವಿನ ಒಂದು ತುಣುಕು, ಸುಮಾರು 50 ಸಾವಿರ ಅಕ್ಷರಗಳಷ್ಟು ಉದ್ದದ್ದು, ಕೆಲವರಲ್ಲಿ ಬೇರೆ ಪಾಠದಲ್ಲಿರುತ್ತದೆ. ಅಂಥವರಲ್ಲಿ ಈ ರೋಗ ಉಲ್ಬಣಿಸುವ ಸಂಭವ ಹೆಚ್ಚು. ಆ ಪಾಠವು ನಿಯಾಂಡರ್ಥಾಲ್ ಮಾನವರಿಂದ ಬಂದುದೆಂದು ಹ್ಯೂಗೋ ಝೇಬರ್ಗ್ ಮತ್ತು ಸ್ವಾಂಟೆ ಪ್ಯಾಬೋ 2020ರಲ್ಲಿ ತೋರಿಸಿದರು. ಕ್ರೊಯೇಷಿಯಾದ ವಿಂಡಿಯಾ ಗುಹೆಯಲ್ಲಿ ದೊರೆತ ಎಲುಬಿನೊಳಗೂ ಅದೇ ಪಾಠ! ಓಲೆಗರಿಗಳನ್ನು ತಿರುವಿದವನಿಗೆ ಇದು ಪರಿಚಿತವಾದ ಸಂಗತಿ. ಯಾವನೋ ಲಿಪಿಕಾರನ ಒಂದು ವ್ಯತ್ಯಾಸ ಪ್ರತಿಯಿಂದ ಪ್ರತಿಗೆ ಇಳಿದು, ಮೂಲ ಮರೆಯಾದ ಮೇಲೂ ಬಾಳುತ್ತದೆ. ಯೂರೋಪಿನಲ್ಲಿ ನೂರಕ್ಕೆ 16 ಮಂದಿಯಲ್ಲಿರುವ ಈ ತುಣುಕು ನಮ್ಮ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿದೆಯಂತೆ.

ಇಷ್ಟು ಹಾನಿಕರವಾದುದು ಇಷ್ಟು ಕಾಲ ಏಕೆ ಅಳಿಯದೆ ಉಳಿಯಿತು? ಪೂರ್ಣ ಉತ್ತರ ದೊರೆತಿಲ್ಲ. ಆದರೆ ಇದೇ ತುಣುಕುಳ್ಳವರಿಗೆ ಏಡ್ಸ್ ತರುವ ವೈರಾಣು ತಗಲುವ ಸಂಭವ ನೂರಕ್ಕೆ 27ರಷ್ಟು ಕಡಮೆಯೆಂದು ಝೇಬರ್ಗ್ 2022ರಲ್ಲಿ ಪ್ರಕಟಿಸಿದರು. ಏಡ್ಸ್ ಇತ್ತೀಚಿನ ರೋಗ. ಅದಕ್ಕಾಗಿ ಈ ತುಣುಕು ಉಳಿದಿರಲಾರದು. ಒಂದು ರೋಗಕ್ಕೆ ಬಾಗಿಲು ತೆರೆದದ್ದು ಇನ್ನೊಂದಕ್ಕೆ ಅಗುಳಿಯಾಗಬಹುದೆಂಬುದಷ್ಟೇ ಇದರಿಂದ ಸ್ಪಷ್ಟ. ಯಾವುದು ಶುದ್ಧಪಾಠ, ಯಾವುದು ಅಪಪಾಠ ಎಂದು ತೀರ್ಪು ಕೊಡುವ ನಮ್ಮ ಸಂಪಾದಕರ ಉತ್ಸಾಹ ಇಲ್ಲಿ ಸಲ್ಲದು.

ಅಣ್ಣನ ಮೈಯಲ್ಲಿ ಆ ಪಾಠವಿದೆಯೋ ಇಲ್ಲವೋ ಯಾರೂ ಪರೀಕ್ಷಿಸಿಲ್ಲ. ಆದರೂ ಒಂದು ಸಂಜೆ ಇದನ್ನೆಲ್ಲ ಅವನಿಗೆ ವಿವರಿಸಿದೆ. ಅವನು ನಕ್ಕು, “ಹಾಗಾದರೆ ದೂರನ್ನು ಅಪ್ಪನ ಮೇಲೆ ಹೊರಿಸೋಣವೋ, ಅಮ್ಮನ ಮೇಲೋ?” ಎಂದನು. ಕಾಫಿ ತಂದಿಟ್ಟ ಅತ್ತಿಗೆ ಅಲ್ಲಿಯೇ ನಿಂತರು.

“ಇವರಲ್ಲಿ ಇದ್ದರೆ ಹುಡುಗನಿಗೂ ಬಂದಿರಬಹುದೇ?”

“ಇವನಲ್ಲಿ ಒಂದೇ ಪ್ರತಿಯಿದ್ದರೆ, ಬರುವ ಸಂಭವ ಅರ್ಧಕ್ಕರ್ಧ” ಎಂದೆ.

ಅತ್ತಿಗೆ ಕ್ಷಣಕಾಲ ಸುಮ್ಮನಿದ್ದು, “ಅವನಿಗೆ ಲಸಿಕೆ ಹಾಕಿಸಿದ್ದೇವಲ್ಲ” ಎಂದು ನನ್ನ ಲೋಟವನ್ನು ಮುಂದಕ್ಕೆ ಸರಿಸಿದರು.