ಮೈನಸ್ 48 ಗಜದ ಹಿಂದಿನ ಮೂರು ವರ್ಷ

2013ರ ನವೆಂಬರ್ 2ರಂದು ಅಮೆರಿಕದ ಈಸ್ಟ್ ಲ್ಯಾನ್ಸಿಂಗ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ನೆರೆಯ ಮಿಷಿಗನ್ ಸ್ಟೇಟ್ ಎದುರು 29-6ರಿಂದ ಸೋತಿತು. ಸೋಲಿಗಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಅಂಕಿ. ಚೆಂಡು ಹಿಡಿದು ಓಡಿದ ಲೆಕ್ಕದಲ್ಲಿ ಮಿಷಿಗನ್ ಗಳಿಕೆ ಮೈನಸ್ 48 ಗಜ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಎದುರಾಳಿ ಅವನನ್ನು ಕೆಡವಿದರೆ ಆ ನಷ್ಟವನ್ನೂ ಕಾಲೇಜು ಆಟದಲ್ಲಿ ಓಟದ ಲೆಕ್ಕಕ್ಕೇ ಹಾಕುತ್ತಾರೆ. ಅಂದು ಏಳು ಸಲ ಹಾಗಾಯಿತು. ಮುಂದಿನ ವಾರ ಸ್ವಂತ ಮೈದಾನದಲ್ಲಿ ನೆಬ್ರಾಸ್ಕಾ ಎದುರು ಮತ್ತೆ ಮೈನಸ್ 21. ಅಷ್ಟು ಹಳೆಯ, ಅಷ್ಟು ಗೆದ್ದ ತಂಡಕ್ಕೆ ಇಂಥ ಸ್ಥಿತಿ ಬಂದದ್ದು ಹೇಗೆ?

ಉತ್ತರ ಆಫೆನ್ಸಿವ್ ಲೈನ್‌ನಲ್ಲಿದೆ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು, ಹೀಗೆ ಐವರು. ಇವರು ಅಂಕ ಗಳಿಸುವುದು ತೀರಾ ಅಪರೂಪ, ಟಿವಿ ಕ್ಯಾಮೆರಾ ಇವರತ್ತ ತಿರುಗುವುದೂ ಅಷ್ಟೇ. ಎದುರಾಳಿಯನ್ನು ತಡೆದು ಓಟಗಾರನಿಗೆ ದಾರಿ ಬಿಡಿಸುವುದು, ಕ್ವಾರ್ಟರ್‌ಬ್ಯಾಕ್‌ಗೆ ಎರಡು-ಮೂರು ಸೆಕೆಂಡ್ ಉಳಿಸಿಕೊಡುವುದು ಇವರ ಕೆಲಸ. ಕಬಡ್ಡಿಯಲ್ಲಿ ಕೈ ಕೈ ಹಿಡಿದ ಸರಪಳಿಯಂತೆ, ಒಬ್ಬ ತಪ್ಪಿದರೆ ಉಳಿದ ನಾಲ್ವರ ಶ್ರಮವೂ ನೀರುಪಾಲು. ಹದಿನೆಂಟರ ಹುಡುಗ ಈ ಕೆಲಸಕ್ಕೆ ತಯಾರಾಗಲು ಸಾಮಾನ್ಯವಾಗಿ ಎರಡು-ಮೂರು ವರ್ಷ ಬೇಕು. ಮೈ ಗಟ್ಟಿಯಾಗಬೇಕು, ಪಕ್ಕದವನ ಹೆಜ್ಜೆ ಅಭ್ಯಾಸವಾಗಬೇಕು.

ಆ ಎರಡು-ಮೂರು ವರ್ಷಗಳೇ ಮಿಷಿಗನ್ ಕೈಯಲ್ಲಿರಲಿಲ್ಲ. 2010ರಲ್ಲಿ ಅಂದಿನ ಮುಖ್ಯ ಕೋಚ್ ರಿಚ್ ರಾಡ್ರಿಗ್ಸ್ ಲೈನ್‌ಗೆ ಸೇರಿಸಿಕೊಂಡದ್ದು ಒಬ್ಬೇ ಒಬ್ಬ ಹುಡುಗನನ್ನು. ಗಾಯದಿಂದ ಅವನ ಆಟವೂ ಮುಗಿಯಿತು. 2011ರ ಜನವರಿಯಲ್ಲಿ ರಾಡ್ರಿಗ್ಸ್ ವಜಾ ಆಗಿ ಬ್ರೇಡಿ ಹೋಕ್ ಬಂದರು. ಅವಸರದಲ್ಲಿ ಸೇರಿಸಿಕೊಂಡ ಆ ವರ್ಷದ ಹುಡುಗರಲ್ಲೂ ಹೆಚ್ಚು ಮಂದಿ ಉಳಿಯಲಿಲ್ಲ. ಹೋಕ್ ಅವರ ಮೊದಲ ವರ್ಷ 11 ಗೆಲುವು, ಋತುವಿನ ಕೊನೆಗೆ ನಡೆಯುವ ಪ್ರತಿಷ್ಠಿತ ಷುಗರ್ ಬೌಲ್ ಪಂದ್ಯದ ಪ್ರಶಸ್ತಿ. ಒಳಗಿನ ತೂತು ಯಾರ ಕಣ್ಣಿಗೂ ಬೀಳಲಿಲ್ಲ. ಹಳಬರು ಓದು ಮುಗಿಸಿ ಹೊರಟ ಮೇಲೆ, 2013ರಲ್ಲಿ, ಅದು ಬಾಯಿ ತೆರೆಯಿತು. ತುದಿಗಳಲ್ಲಿ ಟೇಲರ್ ಲೆವಾನ್, ಮೈಕಲ್ ಸ್ಕೋಫೀಲ್ಡ್ ಎಂಬ ಪಳಗಿದ ಇಬ್ಬರು. ಮುಂದಿನ ವರ್ಷ ಇಬ್ಬರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಆಯ್ಕೆಯಾದರು, ಲೆವಾನ್ 11ನೆಯವರಾಗಿ. ನಡುವಿನ ಮೂರು ಜಾಗಕ್ಕೆ ಮಾತ್ರ ಎಳೆಯರು, ಅವರನ್ನೂ ಪಂದ್ಯದಿಂದ ಪಂದ್ಯಕ್ಕೆ ಬದಲಿಸುತ್ತಲೇ ಇದ್ದರು.

ಇಲ್ಲಿಂದ ಮುಂದಿನದು ಕೋಚ್‌ಗಳ ತಪ್ಪು, ಇದನ್ನು ನಾನು ಸ್ಪಷ್ಟವಾಗಿಯೇ ಹೇಳುತ್ತೇನೆ. ದಾಳಿಯ ಹೊಣೆ ಹೊತ್ತಿದ್ದ ಅಲ್ ಬೋರ್ಜಸ್ ಎರಡೂ ಟ್ಯಾಕಲ್‌ಗಳನ್ನು ಒಂದೇ ಬದಿಗೆ ನಿಲ್ಲಿಸುವ ವಿನ್ಯಾಸ ತಂದರು. ಬಲ ಎಲ್ಲಿದೆಯೋ ಅಲ್ಲೇ ಓಡೋಣ ಎಂಬುದು ಲೆಕ್ಕಾಚಾರ. ಅದರ ಜೊತೆಗೆ ಚೆಂಡು ಎತ್ತ ಹೋಗಬಹುದು ಎಂಬ ಸುಳಿವೂ ಎದುರಾಳಿಗೆ ಸಿಕ್ಕಂತಾಯಿತು. ಅಕ್ಟೋಬರ್ 12ರಂದು ಪೆನ್ ಸ್ಟೇಟ್ ಎದುರು ಓಟಗಾರ ಫಿಟ್ಜೆರಾಲ್ಡ್ ಟೂಸೆಂಟ್ 27 ಸಲ ಚೆಂಡು ಹಿಡಿದು ಓಡಿ ಗಳಿಸಿದ್ದು ಬರೀ 27 ಗಜ. ದಾರಿಯಿಲ್ಲದ ಕಡೆಗೇ ಒಬ್ಬ ಹುಡುಗನನ್ನು ಇಪ್ಪತ್ತೇಳು ಸಲ ಕಳಿಸಿದ ಮೇಲೆ ಲೈನ್ ಸೋತಿತು ಎನ್ನುವುದು ಅರ್ಧ ಸತ್ಯ. ಅದೇ ತಂಡ ನಿಯಮಿತ ಋತುವಿನ ಕೊನೆಗೆ ಒಹಾಯೊ ಸ್ಟೇಟ್ ಎದುರು 42-41ರಿಂದ ಸೋತರೂ ಓಟ, ಎಸೆತ ಎರಡೂ ಸೇರಿ 603 ಗಜ ಗಳಿಸಿತು.

2014ರ ಜನವರಿಯಲ್ಲಿ ಬೋರ್ಜಸ್‌ಗೆ ಬಾಗಿಲು ತೋರಿಸಿದರು. ಅಲಬಾಮದಿಂದ ಡಗ್ ನುಸ್‌ಮೈಯರ್ ಬಂದರು, ಮತ್ತೊಂದು ಪದ್ಧತಿ ತಂದರು. ಎಳೆಯ ಲೈನ್ ಮತ್ತೆ ಮೊದಲ ಪಾಠದಿಂದ ಶುರು. ಸೆಪ್ಟೆಂಬರ್‌ನಲ್ಲಿ ನಾಟರ್ ಡೇಮ್ ಎದುರು 31-0 ಸೋಲು, 1984ರ ನಂತರ ಮೊದಲ ಬಾರಿಗೆ ಶೂನ್ಯ. ಅದೇ ತಿಂಗಳು ಮಿನೆಸೋಟ ಎದುರು ತಲೆಗೆ ಪೆಟ್ಟು ಬಿದ್ದ ಕ್ವಾರ್ಟರ್‌ಬ್ಯಾಕ್ ಷೇನ್ ಮೋರಿಸ್ ತೂರಾಡುತ್ತಿದ್ದರೂ ಆಡುವುದಕ್ಕೆ ಬಿಟ್ಟರು. ಪಂದ್ಯ ಸೋಲುವುದಕ್ಕಿಂತ ಸಾವಿರ ಪಾಲು ದೊಡ್ಡ ತಪ್ಪು ಅದು. ವಿದ್ಯಾರ್ಥಿಗಳು ಕೂಗಿದ್ದು ಕೋಚ್ ವಿರುದ್ಧವಷ್ಟೇ ಅಲ್ಲ, ಅವರ ಮೇಲಿದ್ದ ಕ್ರೀಡಾ ನಿರ್ದೇಶಕ ಡೇವ್ ಬ್ರ್ಯಾಂಡನ್ ವಿರುದ್ಧವೂ. ಹೋಕ್ ಅವರನ್ನು ನೇಮಿಸಿದವರು ಬ್ರ್ಯಾಂಡನ್. ಅಕ್ಟೋಬರ್ 31ರಂದು ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. 5-7ರಲ್ಲಿ ಋತು ಮುಗಿಸಿದ ಹೋಕ್ ಡಿಸೆಂಬರ್ 2ರಂದು ವಜಾ ಆದರು, ಒಪ್ಪಂದದ ಪ್ರಕಾರ 30 ಲಕ್ಷ ಡಾಲರ್ ಪರಿಹಾರದೊಂದಿಗೆ. ಲೈನ್‌ನ ಹುಡುಗರಿಗೆ ಆಗ ವಿದ್ಯಾರ್ಥಿವೇತನ ಬಿಟ್ಟರೆ ಸಂಬಳವೇ ಇರಲಿಲ್ಲ.

ಆ ಹುಡುಗರು ಕೈಲಾಗದವರಾಗಿದ್ದರೇ? 2013ರ ಲೈನ್‌ನ ಗ್ರಹಾಮ್ ಗ್ಲ್ಯಾಸ್ಗೊ ವಿದ್ಯಾರ್ಥಿವೇತನವೂ ಇಲ್ಲದೆ ತಂಡಕ್ಕೆ ಬಂದವರು. 2016ರಲ್ಲಿ ಡೆಟ್ರಾಯಿಟ್ ಲಯನ್ಸ್ ತಂಡ ಅವರನ್ನು ಮೂರನೇ ಸುತ್ತಿನಲ್ಲೇ ಆರಿಸಿಕೊಂಡಿತು.

ಹೋಕ್ ನಂತರ ಬಂದ ಜಿಮ್ ಹಾರ್ಬಾ ಅವರಿಗೂ ಲೈನ್ ಕೋಚ್‌ಗಳನ್ನು ಬದಲಿಸಬೇಕಾಯಿತು, ವರ್ಷಗಳೇ ಹಿಡಿದವು. ಷೆರೋನ್ ಮೂರ್ ಲೈನ್ ಹೊಣೆ ಹೊತ್ತ ಮೇಲೆ 2021 ಮತ್ತು 2022ರಲ್ಲಿ ಸತತವಾಗಿ ಜೋ ಮೂರ್ ಪ್ರಶಸ್ತಿ ಬಂತು. ಅದನ್ನು ಕೊಡುವುದು ಒಬ್ಬ ಆಟಗಾರನಿಗಲ್ಲ, ಇಡೀ ಲೈನ್‌ಗೆ. 2024ರ ಜನವರಿ 8ರ ರಾಷ್ಟ್ರೀಯ ಫೈನಲ್‌ನಲ್ಲಿ ಮಿಷಿಗನ್ ವಾಷಿಂಗ್ಟನ್ ತಂಡವನ್ನು 34-13ರಿಂದ ಸೋಲಿಸಿತು. ಅಂದು ಓಟದ ಲೆಕ್ಕದಲ್ಲಿ ಬಂದದ್ದು 303 ಗಜ.