ಕೊಯಿ ಹರ್ಪಿಸ್: ಗೆಂಡೆ ಮೀನನ್ನು ಕಾಡುವ ವೈರಸ್

ಕೊಯಿ ಹರ್ಪಿಸ್ ವೈರಸ್ ರೋಗ ಸಾಮಾನ್ಯ ಗೆಂಡೆಗೂ ಅದರ ಬಣ್ಣದ ತಳಿಯಾದ ಕೊಯಿ ಮೀನಿಗೂ ಬರುತ್ತದೆ. ರೋಗ ಹೊಕ್ಕ ಕೊಳದಲ್ಲಿ ನೂರಕ್ಕೆ ಎಂಬತ್ತು ಮೀನು, ಕೆಲವೊಮ್ಮೆ ಎಲ್ಲವೂ ಸಾಯುತ್ತವೆ. 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದಲ್ಲಿ ಗೆಂಡೆಗಳು ರಾಶಿರಾಶಿಯಾಗಿ ಸತ್ತಾಗ ಇದು ಗಮನಕ್ಕೆ ಬಂತು. 2003ರಲ್ಲಿ ಜಪಾನಿನ ಕಸುಮಿಗೌರ ಸರೋವರದ ಗೆಂಡೆ ಸಾಕಣೆಗೆ ಭಾರಿ ಪೆಟ್ಟು ಬಿತ್ತು. ಮರುವರ್ಷ ಬಿವಾ ಸರೋವರದಲ್ಲಿ ಲಕ್ಷಕ್ಕೂ ಮೀರಿ ಗೆಂಡೆಗಳು ಸತ್ತವು.

ನೀರಿನ ಉಷ್ಣತೆ ಸುಮಾರು 16ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದಾಗ ರೋಗ ತಲೆಯೆತ್ತುತ್ತದೆ. ಮೀನು ಮಂಕಾಗುತ್ತದೆ, ಮೇವು ಬಿಡುತ್ತದೆ, ನೀರಿನ ಮೇಲ್ಮೈಗೆ ಬಂದು ಉಸಿರಿಗೆ ಒದ್ದಾಡುತ್ತದೆ. ಕಣ್ಣು ಗುಳಿಬೀಳುತ್ತದೆ, ಚರ್ಮದ ಮೇಲೆ ಮಾಸಲು ಕಲೆಗಳೇಳುತ್ತವೆ, ಲೋಳೆ ಕೆಲವೆಡೆ ಹೆಚ್ಚಾಗಿ ಕೆಲವೆಡೆ ಒಣಗಿ ಮೈ ಒರಟಾಗುತ್ತದೆ. ನಿಜವಾದ ಗುರುತು ಕಿವಿರಿನಲ್ಲಿದೆ: ಮುಚ್ಚಳ ಎತ್ತಿದರೆ ಕೆಂಪಿನ ನಡುವೆ ಕೊಳೆತ ಬಿಳಿ ತೇಪೆಗಳು. ಇವು ಕಂಡ ಮೇಲೆ ಒಂದೆರಡು ದಿನದಲ್ಲೇ ಮೀನು ಸಾಯಬಹುದು.

ಆಮ್ಲಜನಕ ಕಡಿಮೆಯಾದಾಗಲೂ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆದರೆ ಆಗ ಕೊಳದ ಬೇರೆ ಜಾತಿಗಳೂ ಒದ್ದಾಡುತ್ತವೆ. ಉಳಿದವು ಆರಾಮವಾಗಿದ್ದು ಗೆಂಡೆ, ಕೊಯಿ ಮಾತ್ರ ಸಾಯುತ್ತಿದ್ದರೆ ಈ ವೈರಸ್ಸನ್ನು ಶಂಕಿಸಲೇಬೇಕು. ಖಚಿತವಾಗುವುದು ಪ್ರಯೋಗಾಲಯದ ಪಿಸಿಆರ್ ಪರೀಕ್ಷೆಯಿಂದ.

ಇದಕ್ಕೆ ಔಷಧಿಯಿಲ್ಲ, ಆ್ಯಂಟಿಬಯಾಟಿಕ್ ಸುರಿದು ಫಲವಿಲ್ಲ. ಇಸ್ರೇಲಿನಲ್ಲಿ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆ ಬಳಕೆಗೆ ಬಂದಿದ್ದರೂ ಎಲ್ಲ ದೇಶಗಳಲ್ಲಿ ಅದು ಸಿಗದು. ನೀರನ್ನು 30 ಡಿಗ್ರಿಗಿಂತ ಬಿಸಿ ಮಾಡಿದರೆ ಸಾವು ತಗ್ಗುತ್ತದೆ, ವೈರಸ್ ಮಾತ್ರ ಮೀನಿನ ಮೈಯಲ್ಲೇ ಅಡಗಿರುತ್ತದೆ. ಬದುಕುಳಿದು ನಳನಳಿಸುವ ಮೀನಿಗೇ ಹೆಚ್ಚು ಹೆದರಬೇಕು: ಅದನ್ನು ಕೊಂಡವರ ಕೊಳಕ್ಕೆ ರೋಗವೂ ಜೊತೆಗೇ ಹೋಗುತ್ತದೆ.

ಆದ್ದರಿಂದ ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ, ರೋಗ ಪ್ರಕಟವಾಗಬಲ್ಲ ಉಷ್ಣತೆಯ ನೀರಿನಲ್ಲಿ, ಬೇರೆಯಾಗಿಟ್ಟು ನೋಡಬೇಕು. ತಣ್ಣೀರಿನಲ್ಲಿಟ್ಟರೆ ಏನೂ ಗೊತ್ತಾಗದು. ಕರ್ನಾಟಕದ ಕೆರೆಗಳಿಗೆ ಕಾಟ್ಲಾ, ರೋಹು ಜೊತೆ ಸಾಮಾನ್ಯ ಗೆಂಡೆಯ ಮರಿಗಳನ್ನೂ ಬಿಡುವುದುಂಟು. ಮನೆಯ ಅಕ್ವೇರಿಯಂನಲ್ಲಿ ಬೇಡವಾದ ಕೊಯಿಯನ್ನು ಅಂಥ ಕೆರೆಗೆ ಬಿಡುವುದು ಮೀನುಗಾರರ ಹೊಟ್ಟೆಪಾಡಿನ ಜೊತೆ ಆಟವಾಡಿದಂತೆ.

ಶಂಕೆ ಬಂದ ಕೂಡಲೇ ಮೀನಿನ ಸಾಗಣೆಯನ್ನೂ ನೀರು ಹೊರಬಿಡುವುದನ್ನೂ ನಿಲ್ಲಿಸಿ ಮೀನುಗಾರಿಕೆ ಇಲಾಖೆಗೆ ತಿಳಿಸಬೇಕು. ಸತ್ತ ಮೀನನ್ನು ನೀರಿನಿಂದ ದೂರ, ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಬಲೆ, ಬಕೆಟ್ಟುಗಳನ್ನು ಸೋಂಕುನಿವಾರಕದಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು. ಇಲಾಖೆಯ ಸಲಹೆಯಂತೆ ಕೊಳ ಬರಿದು ಮಾಡಿ, ಒಣಗಿಸಿ, ಸುಣ್ಣ ಹಾಕಿದ ಮೇಲಷ್ಟೇ ಹೊಸ ಮರಿ ಬಿಡಬೇಕು. ಈ ವೈರಸ್ ಮನುಷ್ಯರಿಗೆ ತಗಲುವುದಿಲ್ಲ.