ಮನೆಯಾಳಿನ ತೆರಿಗೆಯೂ ಕಾಯಕದೃಷ್ಟಿಯೂ

ರಾಜ್ಯವೊಂದು ಯಾವುದರ ಮೇಲೆ ಕರ ವಿಧಿಸುತ್ತದೆಂಬುದನ್ನು ಪರಿಶೀಲಿಸಿದರೆ, ಆ ಸಮಾಜವು ಯಾವುದನ್ನು ಅವಶ್ಯಕವೆಂದೂ ಯಾವುದನ್ನು ಭೋಗವೆಂದೂ ಎಣಿಸಿತ್ತೆಂಬುದು ವಿದಿತವಾಗುತ್ತದೆ. ಬ್ರಿಟನ್ನಿನಲ್ಲಿ 1777ರಿಂದ 1937ರವರೆಗೆ ನೂರರವತ್ತು ವರ್ಷ ನಡೆದುಬಂದ ಮನೆಯಾಳಿನ ತೆರಿಗೆಯು ಇದಕ್ಕೊಂದು ನಿದರ್ಶನ.

1775ರಲ್ಲಿ ಅಮೆರಿಕದ ವಸಾಹತುಗಳೊಡನೆ ಆರಂಭವಾದ ಯುದ್ಧದ ವೆಚ್ಚದಿಂದ ಬ್ರಿಟಿಷ್ ಬೊಕ್ಕಸವು ಬರಿದಾಗತೊಡಗಿತ್ತು. ಆಗ ಪ್ರಧಾನಿಯಾಗಿದ್ದ ಲಾರ್ಡ್ ನಾರ್ತ್ ಸಿರಿವಂತರ ಆಡಂಬರದತ್ತ ದೃಷ್ಟಿ ಹರಿಸಿದನು. ಮನೆಯಲ್ಲಿ ಊಳಿಗಕ್ಕಿರುವ ಪ್ರತಿಯೊಬ್ಬ ಗಂಡಾಳಿಗೂ ವರ್ಷಕ್ಕೆ ಒಂದು ಗಿನಿ, ಎಂದರೆ 21 ಷಿಲಿಂಗ್, ತೆರಬೇಕೆಂದು 1777ರಲ್ಲಿ ಶಾಸನವಾಯಿತು. ತೆರಬೇಕಾದವನು ಒಡೆಯನೇ ಹೊರತು ಆಳಲ್ಲ. ಬಾಣಸಿಗ, ಸಾರೋಟು ಹೊಡೆಯುವವ, ಕುದುರೆಯಾಳು, ಸಮವಸ್ತ್ರ ತೊಟ್ಟು ಒಡೆಯನ ಹಿಂದೆ ನಿಲ್ಲುವ ಪರಿಚಾರಕ ಇವರೆಲ್ಲ ಲೆಕ್ಕಕ್ಕೆ ಬಂದರು. ಬೇಸಾಯದಲ್ಲಿ, ಕಸುಬಿನಲ್ಲಿ, ವ್ಯಾಪಾರದಲ್ಲಿ ದುಡಿಯುವ ಆಳುಗಳಿಗೆ ವಿನಾಯಿತಿ ದೊರೆಯಿತು.

ಈ ವಿಭಜನೆಗೆ ಸಮಾನವಾದ ವಿಚಾರವು ಹಿಂದಿನ ವರ್ಷವೇ, 1776ರಲ್ಲಿ, ಪ್ರಕಟವಾಗಿದ್ದ ಆಡಂ ಸ್ಮಿತ್ತನ ಅರ್ಥಶಾಸ್ತ್ರಗ್ರಂಥದಲ್ಲಿ ಕಾಣುತ್ತದೆ. ಕುಶಲಕರ್ಮಿಯ ಶ್ರಮವು ವಸ್ತುವಿನಲ್ಲಿ ನಿಲ್ಲುತ್ತದೆ, ಮನೆಯಾಳಿನ ಶ್ರಮವು ಮಾಡಿದೊಡನೆಯೇ ಅಳಿದುಹೋಗುತ್ತದೆ. ಆದುದರಿಂದ ಎರಡನೆಯದು ಉತ್ಪಾದಕವಲ್ಲವೆಂಬುದು ಅವನ ಮತ. ಆ ಶ್ರಮಕ್ಕೂ ಬೆಲೆಯುಂಟು, ಪ್ರತಿಫಲ ಸಲ್ಲಬೇಕೆಂಬುದನ್ನು ಆತನೂ ಒಪ್ಪಿದ್ದಾನೆ. ಇಂಥ ತೆರಿಗೆಯ ಹೊರೆ ಅತಿ ಸಿರಿವಂತರಿಗಿಂತ ಮಧ್ಯಮಸ್ಥಿತಿಯವರ ಮೇಲೆಯೇ ಹೆಚ್ಚಾಗಿ ಬೀಳುವುದೆಂಬುದನ್ನೂ ಆತ ಗುರುತಿಸಿದ್ದನು.

1785ರಲ್ಲಿ ಕಿರಿಯ ಪಿಟ್ಟನು ತೆರಿಗೆಯನ್ನು ಹೆಣ್ಣಾಳುಗಳಿಗೂ ವಿಸ್ತರಿಸಿದನು. ಆಳುಗಳ ಸಂಖ್ಯೆ ಏರಿದಂತೆ ದರವೂ ಏರುತ್ತಿತ್ತು. ಅವಿವಾಹಿತ ಒಡೆಯನು ಹೆಚ್ಚು ತೆರಬೇಕಾಗಿತ್ತು. ಇದಕ್ಕೆ ತೀವ್ರ ವಿರೋಧ ಹುಟ್ಟಿತು. ಗಂಡಾಳು ಸಿರಿವಂತಿಕೆಯ ಕುರುಹಾಗಿರಬಹುದು. ಆದರೆ ಸಾಮಾನ್ಯ ಗೃಹಸ್ಥನ ಮನೆಯಲ್ಲಿ ಪಾತ್ರೆ ಬೆಳಗಿ, ನೀರು ಹೊತ್ತು, ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ ಯಾವ ಭೋಗದ ಕುರುಹು? ಕರಕ್ಕೆ ಅಂಜಿ ಒಡೆಯನು ಅವಳನ್ನು ಬಿಡಿಸಿದರೆ ಬೀದಿಪಾಲಾಗುವವಳು ಅವಳೇ ಎಂದು ವಿರೋಧಿಗಳು ವಾದಿಸಿದರು. 1792ರಲ್ಲಿ ಹೆಣ್ಣಾಳಿನ ತೆರಿಗೆ ರದ್ದಾಯಿತು. ಗಂಡಾಳಿನದು ಮುಂದುವರಿದು, 1869ರಲ್ಲಿ ವರ್ಷಕ್ಕೆ 15 ಷಿಲಿಂಗಿನ ಪರವಾನಗಿ ಶುಲ್ಕವಾಗಿ ಮಾರ್ಪಟ್ಟು, 1937ರಲ್ಲಿ ಕೊನೆಗೊಂಡಿತು.

ಉಳ್ಳವರಿಂದ ಪಡೆಯಬೇಕೆಂಬ ಆಶಯ ಅನ್ಯಾಯದ್ದಲ್ಲ. ಆದರೆ ಸಾರೋಟು, ಕುದುರೆಗಳ ಪಟ್ಟಿಯಲ್ಲಿ ಮನುಷ್ಯನನ್ನೂ ಸೇರಿಸಿದ ಆ ಎಣಿಕೆಯಲ್ಲಿ ಆಳಿನ ದುಡಿಮೆಯು ಅವನದಾಗಿ ಉಳಿಯದೆ ಒಡೆಯನ ವೈಭವದ ಒಂದು ಅಂಗವಾಯಿತು. ಒಡೆಯನ ಕಡೆಯಿಂದ ಅಳೆದಾಗ ಸೇವೆಯು ಹೀಗೆಯೇ ಕಾಣುತ್ತದೆ.

12ನೆಯ ಶತಮಾನದ ಶರಣರು ಅದನ್ನು ದುಡಿಯುವವನ ಕಡೆಯಿಂದ ಅಳೆದರು. ಹಡಪದ ಅಪ್ಪಣ್ಣನ ಕಾಯಕವು ತಾಂಬೂಲದ ಚೀಲ ಹಿಡಿಯುವ ಪರಿಚಾರಿಕೆ. ಸ್ಮಿತ್ತನ ಅಳತೆಯಲ್ಲಿ ಏನನ್ನೂ ಉಳಿಸದ ಶ್ರಮ. ಆದರೂ ಆತನು ಬಸವಣ್ಣನವರ ಆಪ್ತನಾದನು, ವಚನಕಾರನಾದನು. ಆತನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದಳು. ನೂಲಿಯ ಚಂದಯ್ಯನ ಹಗ್ಗವು ಕಣ್ಣಿಗೆ ಕಾಣುವ ವಸ್ತು, ಅಪ್ಪಣ್ಣನ ಸೇವೆ ಕಾಣದು; ಕಾಯಕದ ತಕ್ಕಡಿಯಲ್ಲಿ ಎರಡೂ ಸಮತೂಕ. ಮನೆಗೆಲಸದವರ ಶ್ರಮವನ್ನು ಲೆಕ್ಕಕ್ಕಿಲ್ಲದ ದುಡಿಮೆಯೆಂದು ತಿಳಿಯುವ ಮನೆಗಳು ಇಂದಿಗೂ ಇವೆ. ಅಂಥ ಮನೆಯಲ್ಲಿ ಕಾಯಕದ ಮಾತು ಪಠಣವಾಗಿ ಉಳಿಯುತ್ತದೆಯೇ ಹೊರತು ಆಚರಣೆಯಾಗುವುದಿಲ್ಲ.